ಪುಸ್ತಕ ಮುಚ್ಚಿ ಓದುವ ವಿದ್ಯೆ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಹತ್ತಿಕೊಂಡಂತಿರುವ ನಾಗಾವಿಗೆ ಹೋದವರು ಸಾಮಾನ್ಯವಾಗಿ ಯಲ್ಲಮ್ಮನಿಗೆ ಕಾಯಿ ಒಡೆಸುತ್ತಾರೆ, ಅರವತ್ತು ಕಂಬದ ಗುಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ಅಲ್ಲಿ ಒಂದು ಕಾಲೇಜಿತ್ತು ಎಂಬುದು ಹೆಚ್ಚಿನವರಿಗೆ ಶಾಲೆಯ ಭಾಷಣದಲ್ಲಿ ಕೇಳಿ ಮರೆತ ಮಾತು. 1058ರ ಶಾಸನವೊಂದು ಆ ಕಾಲೇಜಿನ ಜಮಾ-ಖರ್ಚನ್ನು ಕಲ್ಲಿನಲ್ಲೇ ಕೆತ್ತಿಟ್ಟಿದೆ. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ನಿಲ್ಲಿಸಿದ ಘಟಿಕಾಸ್ಥಾನ ಅದು. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಸುಮಾರು 50 ಮಂದಿ, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇಷ್ಟನ್ನು ಹೇಳಿ ಭಾಷಣಕಾರರು ಚಪ್ಪಾಳೆ ಗಿಟ್ಟಿಸುತ್ತಾರೆ. ಅವರು ದಾಟಿಹೋಗುವ ಸಾಲು ಇನ್ನೊಂದಿದೆ: ಪುಸ್ತಕ ನೋಡಿಕೊಳ್ಳಲು ಆರು ಜನ ಸರಸ್ವತಿ ಭಂಡಾರಿಗರು. ಕಲಿಸುವವರು ಆರು, ಪುಸ್ತಕ ಕಾಯುವವರೂ ಆರು. ಭಂಡಾರಿಗರಿಗೂ ಉಪಾಧ್ಯಾಯರಂತೆ ಭೂಮಿ ಬಿಟ್ಟುಕೊಟ್ಟಿದ್ದರು. ಇವತ್ತು ನೂರಾರು ಮಕ್ಕಳಿರುವ ಡಿಗ್ರಿ ಕಾಲೇಜಿನಲ್ಲಿ ಒಬ್ಬ ಗ್ರಂಥಪಾಲಕ ಇದ್ದರೆ, ಅವರ ಕೈಯಲ್ಲಿ ಬೇರೆ ನಾಲ್ಕು ಕೆಲಸ ಇಲ್ಲದಿದ್ದರೆ, ಅದೇ ದೊಡ್ಡದು.

ಹಳೆಯ ವೈಭವ ಹಾಡುವುದಕ್ಕೆ ಈ ಮಾತು ತೆಗೆಯಲಿಲ್ಲ. ಆ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಈಗ ದಂಡೋತಿಯಿಂದಲೋ ಚಿಂಚೋಳಿಯ ತಾಂಡಾದಿಂದಲೋ ಬಸ್ ಹಿಡಿದು ಕಾಲೇಜಿಗೆ ಬರುವ ಹುಡುಗ-ಹುಡುಗಿಯರಲ್ಲಿ ಬಹಳ ಮಂದಿಗೆ ಅಂದು ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಆದರೆ ಓದುವುದಕ್ಕೆ ಓದುವವನೂ ಬೇಕು, ಓದಿಸುವ ಏರ್ಪಾಡೂ ಬೇಕು ಎಂಬ ಲೆಕ್ಕ ಆ ಕಲ್ಲಿನಲ್ಲಿ ಸ್ಪಷ್ಟವಾಗಿದೆ. ನಾವು ಈಗ ಮೊದಲನೆಯದರ ಬಗ್ಗೆ ಮಾತ್ರ ಉಪದೇಶ ಕೊಡುತ್ತೇವೆ. ಈ ಲೇಖನದಲ್ಲೂ ಹೆಚ್ಚಿನ ಮಾತು ಮೊದಲನೆಯದರ ಬಗ್ಗೆಯೇ, ಏಕೆಂದರೆ ಅದು ಹುಡುಗರ ಕೈಯಲ್ಲಿದೆ. ಎರಡನೆಯದನ್ನು ಮರೆಯುವುದಿಲ್ಲ.

ದಂಡೋತಿ ಕಾಗಿಣಾ ನದಿಯ ಊರು. ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು: ನದಿ ತುಂಬಿದರೆ ದಂಡೋತಿಯ ಸೇತುವೆ ಮುಳುಗುತ್ತದೆ, ಚಿತ್ತಾಪುರ–ಕಲಬುರಗಿ ಸಂಚಾರ ನಿಲ್ಲುತ್ತದೆ. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಪತ್ರಿಕೆಯಲ್ಲಿ ಬರುವುದು ‘ಪ್ರಯಾಣಿಕರ ಪರದಾಟ’ ಎಂಬ ತಲೆಬರಹ ಮಾತ್ರ. ಆ ಪ್ರಯಾಣಿಕರಲ್ಲಿ ಎಷ್ಟು ಮಂದಿ ಬಗಲಿಗೆ ಬ್ಯಾಗ್ ಹಾಕಿಕೊಂಡ ಡಿಗ್ರಿ ಮಕ್ಕಳು, ಅವರ ಎಷ್ಟು ಕ್ಲಾಸು ಹೋದವು ಎಂಬುದು ಸುದ್ದಿಯಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿದೆ. ‘ಕಾಲೇಜಿಗೆ ಕಳಿಸಿದ್ರ ಬಸ್ಸಿಗೇ ಎಷ್ಟ್ ಆಗ್ತದ’ ಎಂದು ತಡೆಯುತ್ತಿದ್ದ ಮನೆಗಳಲ್ಲಿ ಆ ಒಂದು ನೆಪ ಹೋಗಿದೆ. ಆದರೆ ಬಸ್ಸು ಸಿಗುವುದು, ಸೀಟು ಸಿಗುವುದು, ಮೊದಲ ಪೀರಿಯಡ್ ಸಿಗುವುದು ಮೂರೂ ಬೇರೆ ಬೇರೆ ಸಂಗತಿ. ವಾಡಿ, ಶಹಾಬಾದ್ ಕಡೆಯವರಿಗೆ ರೈಲಾದರೂ ಇದೆ. ಒಳಗಿನ ಹಳ್ಳಿಗಳಿಗೆ ಬೆಳಗಿನ ಒಂದು ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದಂತೆ.

ಒಂದು ಲೆಕ್ಕ ಹಾಕೋಣ. ಸೆಮಿಸ್ಟರ್ ಎಂದರೆ ಹೆಚ್ಚುಕಡಿಮೆ 16 ವಾರ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಕಲಿಕೆ ಎಂದು ಹಿಡಿಯುತ್ತಾರೆ. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯವಿದ್ದರೆ 120 ಗಂಟೆ. ಅದರಲ್ಲಿ ಅರ್ಧದಷ್ಟು, ಸುಮಾರು 60 ಗಂಟೆ, ಮೇಷ್ಟ್ರು ಕ್ಲಾಸಿನಲ್ಲಿ ಕೊಡುತ್ತಾರೆ. ಉಳಿದ 60 ಗಂಟೆ ಯಾರದು? ಅದನ್ನು ಯಾವ ಟೈಮ್ ಟೇಬಲ್ಲಿನಲ್ಲೂ ಬರೆದಿರುವುದಿಲ್ಲ. ಅಂಥ ಆರು ವಿಷಯ ಇದ್ದರೆ 360 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 22, ದಿನಕ್ಕೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಡಿಗ್ರಿ ಎಂದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಹಗುರ ವ್ಯವಹಾರ ಎಂದುಕೊಂಡ ಮನೆಯವರಿಗೆ ಈ ಲೆಕ್ಕ ತೋರಿಸಬೇಕು. ಹುಡುಗ ಮನೆಗೆ ಬಂದಾಗ ಅವನ ದಿನದ ಅರ್ಧ ಕೆಲಸ ಮುಗಿದಿರುತ್ತದೆ, ಇನ್ನರ್ಧ ಬಾಕಿ ಇರುತ್ತದೆ.

ಹಾಜರಾತಿಯದು ಇನ್ನೊಂದು ಲೆಕ್ಕ. ಶೇ 75 ಬೇಕು ಎಂದು ಎಲ್ಲರಿಗೂ ಗೊತ್ತು. ವಾರಕ್ಕೆ ನಾಲ್ಕು ತರಗತಿ ಇರುವ ವಿಷಯಕ್ಕೆ 16 ವಾರದಲ್ಲಿ 64 ತರಗತಿ, ಕನಿಷ್ಠ 48 ಕೂರಬೇಕು. ಕೈಯಲ್ಲಿ ಉಳಿಯುವುದು 16, ಅಂದರೆ ನಾಲ್ಕೇ ವಾರ. ಈಗ ನಮ್ಮ ಭಾಗದ ಪಂಚಾಂಗ ತೆಗೆಯಿರಿ. ಬೆಸ ಸೆಮಿಸ್ಟರ್ ಸಾಮಾನ್ಯವಾಗಿ ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದಲ್ಲಿ ಮುಗಿಯುತ್ತದೆ. ಶುರುವಾಗುವ ಹೊತ್ತಿಗೆ ಹೆಸರು ಬಿಡಿಸುವ ಕೆಲಸ, ಆಮೇಲೆ ಸೇತುವೆ ಮೇಲೆ ನೀರು, ದಸರಾ, ಸೀಗಿ ಹುಣ್ಣಿಮೆ, ದೀಪಾವಳಿ, ಹತ್ತಿ ಬಿಡಿಸುವುದು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು, ಕೊನೆಗೆ ತೊಗರಿ ರಾಶಿ. ಪರೀಕ್ಷೆ ಮತ್ತು ತೊಗರಿ ರಾಶಿ ಒಂದೇ ಹೊತ್ತಿಗೆ ಬರುವುದು ಈ ಜಿಲ್ಲೆಯ ಮಕ್ಕಳ ಹಣೆಬರಹ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಕೊಯ್ಯುವ ಮನೆಯ ವಿದ್ಯಾರ್ಥಿಗೆ ರಜೆ ಸಿಗಲಿಲ್ಲ.

ಹಾಗಾಗಿ ನಾಲ್ಕು ವಾರದ ಆ ರಿಯಾಯಿತಿಯನ್ನು ಹುಡುಗ ಜೂನ್-ಜುಲೈನಲ್ಲೇ ಹಂಚಿಕೊಳ್ಳಬೇಕು. ಇಷ್ಟು ದಿನ ರಾಶಿಗೆ, ಇಷ್ಟು ನದಿಗೆ, ಇಷ್ಟು ಜ್ವರಕ್ಕೆ. ಗೆಳೆಯನ ಅಕ್ಕನ ಮದುವೆಗೆ, ಯಾರದೋ ಹುಟ್ಟುಹಬ್ಬದ ಬ್ಯಾನರಿಗೆ ಅದರಲ್ಲಿ ಪಾಲಿಲ್ಲ. ಮನೆಯವರೊಂದಿಗೆ ಕೂತು ‘ಅಪ್ಪಾ, ಡಿಸೆಂಬರದಾಗ ಈ ಎಂಟು ದಿನ ನಾನು ಹೊಲಕ್ಕ ಬರ್ತೀನಿ, ಉಳಿದದ್ದಕ್ಕ ಕರಿಬ್ಯಾಡ್ರಿ’ ಎಂದು ಮೊದಲೇ ಹೇಳಿದ ಹುಡುಗನ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ. ಹೊಲದ ಕೆಲಸ ಓದಿಗೆ ಅಡ್ಡಿ ಎಂದು ಪಟ್ಟಣದ ಪಂಡಿತರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಎಂಟು ದಿನ ರಾಶಿ ಮಾಡಿ ಫೇಲಾದವರನ್ನು ನಾನು ಕಂಡಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಂಟು ವಾರ ಕಳೆದು ಫೇಲಾದವರನ್ನು ಬೇಕಾದಷ್ಟು ಕಂಡಿದ್ದೇನೆ.

ಹಾಜರಾತಿ ಒಂದು ದಾಟಿದರೆ ಓದಿನದೇ ಸಮಸ್ಯೆ. ಅದು ಕಾಲೇಜಿಗೆ ಬರುವ ಮೊದಲೇ ಶುರುವಾಗಿರುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಅದಕ್ಕೂ ಹಿಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ಇಡೀ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕ ಸೇರಿಸಿ. ಕ್ಯಾಮೆರಾ ಬಂದ ಮೇಲೆ ಮಕ್ಕಳ ಬುದ್ಧಿ ಕಡಿಮೆಯಾಯಿತು ಎಂದು ಯಾರೂ ಹೇಳಲಾರರು. ಅಷ್ಟು ವರ್ಷ ಬುದ್ಧಿಯ ಜಾಗದಲ್ಲಿ ಬೇರೆ ಏನೋ ಕೂತಿತ್ತು. ಕಾಪಿ, ಪಾಸಿಂಗ್ ಪ್ಯಾಕೇಜು, ಇಂಪಾರ್ಟೆಂಟ್ ಪ್ರಶ್ನೆ, ಗೈಡು: ಇವುಗಳ ಕೈಹಿಡಿದು ಹತ್ತನೆಯ ತರಗತಿ, ಪಿಯುಸಿ ದಾಟಿದ ಹುಡುಗ ಡಿಗ್ರಿಗೆ ಬಂದು ಕೇಳುವ ಮೊದಲ ಪ್ರಶ್ನೆ, ‘ಸರ್, ಇಂಪಾರ್ಟೆಂಟ್ ಯಾವವು ಹೇಳ್ರಿ.’ ಸೆಮಿಸ್ಟರ್ ಮುಗಿಯಲು ಹದಿನೈದು ದಿನ ಇರುವಾಗ ಜೆರಾಕ್ಸ್ ಅಂಗಡಿಯ ಮುಂದೆ ಸಾಲು. ಮೂವತ್ತು ಪುಟದ ನೋಟ್ಸು. ಅದನ್ನು ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಜೋರಾಗಿ ಓದುವುದು. ತೊಗರಿಗೆ ಹೊಡೆಯಬೇಕಾದ ಎಡೆಯನ್ನೆಲ್ಲ ರಾಶಿಯ ಹಿಂದಿನ ವಾರ ಒಟ್ಟಿಗೆ ಹೊಡೆಯುವ ರೈತನನ್ನು ಯಾರೂ ಕಂಡಿಲ್ಲ. ಅದೇ ರೈತನ ಮಗ ಓದಿನಲ್ಲಿ ಅದನ್ನೇ ಮಾಡುತ್ತಾನೆ.

ಹೀಗೆ ಓದಿದ್ದು ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದ. ಒಂದು ಗಂಟೆ ಕಳೆಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅರ್ಥವಾಗದೆ ಉರು ಹೊಡೆದ ಉತ್ತರವೂ ತಲೆಯ ಪಾಲಿಗೆ ಅರ್ಥವಿಲ್ಲದ ಅಕ್ಷರಗುಂಪೇ ತಾನೆ.

ಅದಕ್ಕಿಂತ ನಮಗೆ ಹೆಚ್ಚು ಬೇಕಾದ ಪ್ರಯೋಗ 2006ರದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಓದಲು ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿಗಳ ಬಗ್ಗೆ. ಒಂದು ಪಾಠವನ್ನು ಎರಡೆರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಮಾತ್ರ ಓದಿಸಿ, ಹಾಳೆ ಕಸಿದುಕೊಂಡು, ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಎರಡು ಸಲ ಓದಿದ್ದೇ ಮುಂದೆ: ಶೇ 81 ನೆನಪಿತ್ತು, ಬರೆದು ನೋಡಿದ್ದು 75. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು 42, ಹಾಳೆ ಇಲ್ಲದೆ ಬರೆದು ನೋಡಿದ್ದರಲ್ಲಿ 56. ನಮ್ಮ ಹುಡುಗರು ಮೋಸ ಹೋಗುವುದು ಆ ಐದು ನಿಮಿಷದಲ್ಲಿ. ಓದಿದ ಕೂಡಲೇ ಎಲ್ಲ ಬಂದಂತೆ ಅನ್ನಿಸುತ್ತದೆ. ಪುಟ ಪರಿಚಯವಾಗಿರುತ್ತದೆ, ಸಾಲು ಪರಿಚಯವಾಗಿರುತ್ತದೆ, ‘ಇದು ನನಗ ಬರ್ತದ’ ಎಂದು ಮುಂದೆ ಹೋಗುತ್ತಾರೆ. ಪರೀಕ್ಷೆಯ ಹಾಲಿನಲ್ಲಿ ಪುಟ ಇರುವುದಿಲ್ಲ.

2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಓದುವ ವಿಧಾನಗಳನ್ನು ಅದುವರೆಗಿನ ಸಂಶೋಧನೆಗಳ ಆಧಾರದಲ್ಲಿ ತೂಗಿದರು. ಮತ್ತೆ ಮತ್ತೆ ಓದುವುದು, ಸಾಲಿಗೆ ಬಣ್ಣ ಬಳಿಯುವುದು ಇವೆರಡೂ ಕೆಳಗಿನ ಸಾಲಿಗೆ ಬಿದ್ದವು. ಮೇಲಿನ ಸಾಲಿಗೆ ಬಂದದ್ದು ಎರಡೇ: ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು. ಹಳದಿ, ಗುಲಾಬಿ ಹೈಲೈಟರ್‌ಗಳಿಂದ ಹೋಳಿ ಆಡಿದ ಪುಸ್ತಕಗಳನ್ನು ನೋಡಿದಾಗಲೆಲ್ಲ ನನಗೆ ಈ ಪಟ್ಟಿ ನೆನಪಾಗುತ್ತದೆ.

ಇದನ್ನು ನಮ್ಮದೇ ಪಾಠದ ಮೇಲೆ ಮಾಡಿ ನೋಡೋಣ. ಬಿ.ಎ. ರಾಜ್ಯಶಾಸ್ತ್ರದಲ್ಲಿ ಸಂವಿಧಾನದ 371ಜೆ ವಿಧಿಯ ಬಗ್ಗೆ ಓದಬೇಕಿದೆ ಎಂದುಕೊಳ್ಳಿ. ಈ ಭಾಗದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಗೊತ್ತದ್ರಿ ಸರ್’ ಎನ್ನುತ್ತಾನೆ, ಏಕೆಂದರೆ ಅದರ ಸರ್ಟಿಫಿಕೇಟ್ ಮನೆಯ ಟ್ರಂಕಿನಲ್ಲಿ ಇರುತ್ತದೆ. ಪುಸ್ತಕ ಮುಚ್ಚಿ. ಒಂದು ಖಾಲಿ ಹಾಳೆ. ಮೇಲೆ ‘371ಜೆ’ ಎಂದು ಬರೆದು, ಹತ್ತು ನಿಮಿಷ ತಲೆಯಲ್ಲಿ ಇದ್ದದ್ದನ್ನೆಲ್ಲ ಇಳಿಸಿ. ಮೊದಲ ಸಲ ಹೆಚ್ಚಿನವರ ಹಾಳೆಯಲ್ಲಿ ಬರುವುದು ಇಷ್ಟು: ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ, ನೌಕರಿಯಲ್ಲಿ ಮೀಸಲಾತಿ, ಮಂಡಳಿ. ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಎಷ್ಟನೆಯ ತಿದ್ದುಪಡಿ? ಯಾವ ವರ್ಷ? ಎಷ್ಟು ಜಿಲ್ಲೆ? ಎಷ್ಟು ಶೇಕಡಾ? ಪೆನ್ನು ಕಚ್ಚಿಕೊಂಡು ಕೂರುವ ಆ ಎರಡು ನಿಮಿಷ ಬಹಳ ಕಿರಿಕಿರಿಯದು. ಪುಸ್ತಕ ತೆಗೆಯಬೇಕು ಅನ್ನಿಸುತ್ತದೆ. ತೆಗೆಯಬಾರದು. ಕಲಿಕೆ ಆಗುತ್ತಿರುವುದು ಆ ಎರಡು ನಿಮಿಷದಲ್ಲೇ.

ಆಮೇಲೆ ಪುಸ್ತಕ ತೆಗೆದು ಕೆಂಪು ಪೆನ್ನಿನಲ್ಲಿ ಬಿಟ್ಟದ್ದನ್ನು ತುಂಬಿ. ಸಂವಿಧಾನದ 98ನೇ ತಿದ್ದುಪಡಿ, 2012ರಲ್ಲಿ ಸಂಸತ್ತಿನ ಒಪ್ಪಿಗೆ. ಆಗ ಆರು ಜಿಲ್ಲೆ: ಬೀದರ, ಗುಲ್ಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ಏಳು. 2019ರಿಂದ ಹೆಸರು ಕಲ್ಯಾಣ ಕರ್ನಾಟಕ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ಹೊರಗಿನ ಸಂಸ್ಥೆಗಳಲ್ಲಿ ಶೇ 8. ಸ್ಥಳೀಯ ಹುದ್ದೆಗಳಲ್ಲಿ ಸಿ ವೃಂದಕ್ಕೆ 80, ಡಿ ವೃಂದಕ್ಕೆ 85. ಹೋರಾಟದಲ್ಲಿ ಮುಂದೆ ನಿಂತವರು ಚಿಂಚೋಳಿಯ ವೈಜನಾಥ ಪಾಟೀಲರು. ಈ ಕೊನೆಯ ಸಾಲು ಗೈಡಿನಲ್ಲಿ ಇರುತ್ತದೋ ಇಲ್ಲವೋ. ನೀವು ಬರೆದರೆ ಮೌಲ್ಯಮಾಪಕರ ಕಣ್ಣು ಆ ಉತ್ತರದ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ.

ಆ ಹಾಳೆಯನ್ನು ಎಸೆಯಬೇಡಿ. ಮೂರು ದಿನ ಬಿಟ್ಟು ಹೊಸ ಹಾಳೆ, ಮತ್ತೆ ಹತ್ತು ನಿಮಿಷ. ಈ ಸಲ ಕೆಂಪು ಶಾಯಿ ಅರ್ಧಕ್ಕಿಳಿದಿರುತ್ತದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮೂರು ಸಲಕ್ಕೂ ಸೇರಿ ಒಂದು ಗಂಟೆ ಹಿಡಿಯುವುದಿಲ್ಲ. ಅದೇ ಉತ್ತರವನ್ನು ಪರೀಕ್ಷೆಯ ಹಿಂದಿನ ರಾತ್ರಿ ಅಂಗಳದಲ್ಲಿ ತಿರುಗುತ್ತ ಉರು ಹೊಡೆದವನು ಖರ್ಚು ಮಾಡುವುದೂ ಅಷ್ಟೇ ಹೊತ್ತು. ಬಸ್ಸಿನ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ನಿಂತುಕೊಂಡು ಹೋಗುವಾಗ ಪುಸ್ತಕ ತೆಗೆಯಲು ಆಗುವುದಿಲ್ಲ, ಅದೇ ಅನುಕೂಲ. ನಿನ್ನೆ ಮೇಷ್ಟ್ರು ಹೇಳಿದ ಪಾಠದಲ್ಲಿ ಐದು ಮಾತು ನೆನಪು ಮಾಡಿಕೊಳ್ಳುತ್ತ ಊರು ಮುಟ್ಟಬಹುದು. ಪಕ್ಕದಲ್ಲಿ ಗೆಳತಿ ಇದ್ದರೆ ಒಬ್ಬರು ಕೇಳುವುದು, ಒಬ್ಬರು ಹೇಳುವುದು.

ಲೆಕ್ಕದ ವಿಷಯ ಓದುವವರಿಗೆ, ಬಿ.ಕಾಂ., ಬಿ.ಎಸ್ಸಿ. ಮಕ್ಕಳಿಗೆ, ಇದೇ ಮಾತನ್ನು ಇನ್ನೊಂದು ರೀತಿ ಹೇಳಬೇಕು. ಸೇಡಂ ತಾಲ್ಲೂಕಿನ ಮಳಖೇಡ, ಅದೇ ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಕವಿರಾಜಮಾರ್ಗ’ ಬಂತು ಎಂಬುದು ಎಲ್ಲರಿಗೂ ಗೊತ್ತು. ಅದೇ ಅಮೋಘವರ್ಷನನ್ನು ಹೊಗಳಿ ಆರಂಭವಾಗುವ ಇನ್ನೊಂದು ಗ್ರಂಥ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’, ಸುಮಾರು 850ರದು. ಒಂಬತ್ತು ಅಧ್ಯಾಯಗಳ ಆ ಪುಸ್ತಕದ ಕಟ್ಟುವಿಕೆ ನೋಡಿ: ಮೊದಲು ಸೂತ್ರ, ಕೂಡಲೇ ಅದರ ಮೇಲೆ ಲೆಕ್ಕಗಳು. ಹಣ್ಣು ಹಂಚುವುದು, ಬಡ್ಡಿ, ಚಿನ್ನದ ಶುದ್ಧತೆ, ಹೀಗೆ ಬದುಕಿನ ಲೆಕ್ಕಗಳು. ಆಮೇಲೆ ದಕ್ಷಿಣದಲ್ಲಿ ಶತಮಾನಗಳ ಕಾಲ ಅದು ಪಠ್ಯವಾಗಿ ನಡೆಯಿತು. ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಓದುವವನು ಬಿಡಿಸಲಿ ಎಂದೇ ಮಹಾವೀರ ಅಷ್ಟು ಲೆಕ್ಕ ಬರೆದ. ನಮ್ಮ ಬಿ.ಕಾಂ. ಹುಡುಗ ಮಾಡುವುದೇನು? ಬಿಡಿಸಿಟ್ಟ ಲೆಕ್ಕವನ್ನು ಕಣ್ಣಿನಿಂದ ಓದುತ್ತಾನೆ. ಪ್ರತಿ ಹೆಜ್ಜೆಗೂ ತಲೆ ಅಲ್ಲಾಡಿಸುತ್ತಾನೆ. ಎಲ್ಲ ತಿಳಿಯುತ್ತದೆ. ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ಅಂಕಿಗಳು ಬದಲಾಗಿ ಬಂದಾಗ ಮೊದಲ ಹೆಜ್ಜೆಗೇ ನಿಲ್ಲುತ್ತಾನೆ. ಬಿಡಿಸಿದ ಲೆಕ್ಕದ ಮೇಲೆ ಒಂದು ಹಾಳೆ ಮುಚ್ಚಿ, ಪ್ರಶ್ನೆ ಮಾತ್ರ ಕಾಣುವಂತೆ ಇಟ್ಟುಕೊಂಡು ಮಾಡಬೇಕು. ಸಿಕ್ಕಿಕೊಂಡರೆ ಒಂದೇ ಸಾಲು ಹಾಳೆ ಸರಿಸಬೇಕು, ಎರಡಲ್ಲ.

ಇನ್ನೊಂದು ತೊಡಕು ಈ ಭಾಗದವರಿಗೆ ಮಾತ್ರ ಇಷ್ಟು ಗಟ್ಟಿಯಾಗಿದೆ. ಚಿಂಚೋಳಿ, ಸೇಡಂ ಗಡಿಯ ಊರುಗಳಲ್ಲಿ ಮನೆಮಾತು ತೆಲುಗು ಇರಬಹುದು, ದಖನಿ ಉರ್ದು ಇರಬಹುದು, ತಾಂಡಾಗಳಲ್ಲಿ ಲಂಬಾಣಿ. ಶಾಲೆಯಲ್ಲಿ ಕನ್ನಡ. ಬಿ.ಎಸ್ಸಿ., ಬಿ.ಕಾಂ.ಗೆ ಬಂದಾಗ ಇಂಗ್ಲಿಷ್. ಹದಿನೆಂಟರ ಹುಡುಗಿಯೊಬ್ಬಳು ಮೂರನೆಯ ಭಾಷೆಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಳೆ ಎಂಬುದನ್ನು ಮೊದಲ ಬೆಂಚಿನವರಿಗೆ ಮಾತ್ರ ಪಾಠ ಮಾಡುವವರು ಗಮನಿಸುವುದಿಲ್ಲ. ಆಕೆ ಸುಮ್ಮನಿರುತ್ತಾಳೆ. ಸುಮ್ಮನಿರುವುದನ್ನು ದಡ್ಡತನ ಎಂದು ಎಣಿಸುತ್ತಾರೆ. ಕೊನೆಗೆ ಆಕೆಯೇ ಹಾಗೆ ಎಣಿಸುತ್ತಾಳೆ. ಬಾಯಿಪಾಠದ ಮೂಲ ಬಹಳ ಸಲ ಇಲ್ಲೇ ಇದೆ. ವಾಕ್ಯ ಅರ್ಥವಾಗದವನಿಗೆ ಉರು ಹೊಡೆಯುವುದು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ.

ದಾರಿ ಇದೆ. ಪಾಠವನ್ನು ಮೊದಲು ತನಗೆ ಬರುವ ಮಾತಿನಲ್ಲಿ ತಿಳಿದುಕೊಳ್ಳುವುದು. ಕನ್ನಡದಲ್ಲೇ ಆಗಲಿ, ಲಂಬಾಣಿಯಲ್ಲೇ ಆಗಲಿ, ಸಂಜೆ ಅವ್ವನ ಮುಂದೆ ಕೂತು ‘ಯವ್ವಾ, ಸುಣ್ಣದ ಕಲ್ಲು ಸುಟ್ರ ಏನಾಗ್ತದ ಗೊತ್ತೇನು’ ಎಂದು ಹೇಳಿ ನೋಡುವುದು. ವಾಡಿಯ, ಸೇಡಂನ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಣ್ಣೆದುರೇ ಇರುವಾಗ, ಅಪ್ಪ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದು ಬರುವಾಗ, ಕ್ಯಾಲ್ಸಿಯಂ ಕಾರ್ಬೊನೇಟ್ ಪಾಠ ಈ ಊರಿನ ಮಕ್ಕಳಿಗೆ ಬರುವಷ್ಟು ಚೆನ್ನಾಗಿ ಯಾರಿಗೂ ಬರಬಾರದು. ಅವ್ವ ತಿರುಗಿ ಪ್ರಶ್ನೆ ಕೇಳಿದರೆ, ಉತ್ತರ ಬರದಿದ್ದರೆ, ಅಲ್ಲಿ ತಿಳಿದಿಲ್ಲ ಎಂದು ಗೊತ್ತಾಯಿತು. ಆಮೇಲೆ ಇಂಗ್ಲಿಷಿನ ಶಬ್ದಗಳಿಗೆ ಒಂದು ಸಣ್ಣ ನೋಟ್‌ಬುಕ್ಕು: ದಿನಕ್ಕೆ ಐದು ಶಬ್ದ, ಪಕ್ಕದಲ್ಲಿ ತನ್ನ ಮಾತಿನಲ್ಲಿ ಅರ್ಥ. ಒಂದು ಸೆಮಿಸ್ಟರಿಗೆ ನಾನೂರು-ಐನೂರು ಶಬ್ದವಾಗುತ್ತದೆ. ಒಂದು ವಿಷಯದ ಪಠ್ಯ ಓದಲು ಅಷ್ಟು ಪಾರಿಭಾಷಿಕ ಶಬ್ದ ಸಾಕಷ್ಟಾಯಿತು. ‘ಸರ್, ತಿಳೀಲಿಲ್ರಿ’ ಎನ್ನುವ ಎರಡು ಪದದ ಧೈರ್ಯ ಕ್ಲಾಸಿನಲ್ಲಿ ಬಾರದಿದ್ದರೆ ಸ್ಟಾಫ್ ರೂಮಿನಲ್ಲಾದರೂ ಬರಲಿ. ಅಲ್ಲಿ ಹೋಗಿ ಕೇಳಿದವರನ್ನು ಬೈದು ಕಳಿಸುವ ಅಧ್ಯಾಪಕರು ಇಲ್ಲವೆಂದಲ್ಲ, ಕಡಿಮೆ.

ಓದಿನ ಜೊತೆಗೆ ಕಾಗದಪತ್ರದ ಹೊಣೆ ಒಂದಿದೆ. ನಮ್ಮ ಹುಡುಗರು ಮುಗ್ಗರಿಸುವುದು ಅಲ್ಲಿಯೂ ಹೌದು. ಪ್ರವೇಶ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಎಲ್ಲ ಈಗ ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ. ಅದಕ್ಕೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. 371ಜೆ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿ. ಎಲ್ಲವನ್ನೂ ಸೈಬರ್ ಅಂಗಡಿಯ ಅಣ್ಣನಿಗೆ ಬಿಟ್ಟು ಬರುವ ರೂಢಿ ಬೆಳೆದಿದೆ. ಪಾಸ್‌ವರ್ಡು ಅವನ ಬಳಿ, ಒಟಿಪಿ ಬರುವ ನಂಬರ್ ಅವನದು. ಕೊನೆಯ ದಿನಾಂಕ ಯಾವುದು ಎಂದು ಕೇಳಿದರೆ ‘ಗ್ರೂಪಿನ್ಯಾಗ ಹಾಕ್ತಾರ್ರಿ’ ಎಂಬ ಉತ್ತರ. ತನ್ನ ಹೆಸರಿನ ಅರ್ಜಿಯನ್ನು ತಾನೇ ಒಮ್ಮೆ ತುಂಬಿ, ತನ್ನ ಮೊಬೈಲ್ ನಂಬರ್ ಕೊಟ್ಟು, ಪ್ರತಿಯನ್ನು ಒಂದು ಕಡತದಲ್ಲಿ ಇಟ್ಟುಕೊಂಡವನು ಅರ್ಧ ಪದವೀಧರ. ಸಿಲಬಸ್ಸನ್ನೂ ಅದೇ ಕಡತದಲ್ಲಿ ಇಡಬೇಕು. ಯಾವ ಪೇಪರಿನಲ್ಲಿ ಎಷ್ಟು ಘಟಕ, ಯಾವುದಕ್ಕೆ ಎಷ್ಟು ಗಂಟೆ ಎಂದು ವಿಶ್ವವಿದ್ಯಾಲಯವೇ ಬರೆದು ಕೊಟ್ಟಿರುತ್ತದೆ. ಅದನ್ನು ಒಮ್ಮೆಯೂ ನೋಡದೆ ಮೂರು ವರ್ಷ ಮುಗಿಸಿದವರಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ನೂರು ಪಿಡಿಎಫ್ ಕೂಡಿಟ್ಟವರಂತೂ ಲೆಕ್ಕವಿಲ್ಲ.

ಈಗ ಏರ್ಪಾಡಿನ ಮಾತು. ಹುಡುಗರಿಗೆ 75ರ ಹಾಜರಾತಿ ಕಡ್ಡಾಯ ಮಾಡಿದವರು ಅಧ್ಯಾಪಕರ ಹಾಜರಾತಿಗೂ ಉತ್ತರ ಹೇಳಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಪಾಲು ನಡೆಯುವುದು ಅತಿಥಿ ಉಪನ್ಯಾಸಕರಿಂದ. 2023ರ ನವೆಂಬರಿನಲ್ಲಿ ಅವರು ಸೇವೆ ಕಾಯಂ ಮಾಡಿ ಎಂದು ಮುಷ್ಕರಕ್ಕೆ ಕೂತಾಗ ಒಂದು ತಿಂಗಳಿಗೂ ಹೆಚ್ಚು ಕಾಲ ಕ್ಲಾಸುಗಳು ಸರಿಯಾಗಿ ನಡೆಯಲಿಲ್ಲ. 16 ವಾರದಲ್ಲಿ ಒಂದು ತಿಂಗಳು ಹೋಯಿತು. ಅವರ ಬೇಡಿಕೆಯಲ್ಲಿ ನ್ಯಾಯವಿತ್ತು. ಹುಡುಗರ ನಷ್ಟವನ್ನು ಯಾರೂ ಕಟ್ಟಿಕೊಡಲಿಲ್ಲ. ಮೂರು ವರ್ಷದ ಪದವಿ 2021ರಲ್ಲಿ ನಾಲ್ಕು ವರ್ಷದ್ದಾಗಿ, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಒಂದೇ ಮನೆಯಲ್ಲಿ ಅಕ್ಕ ಒಂದು ಪದ್ಧತಿ, ತಮ್ಮ ಇನ್ನೊಂದು ಪದ್ಧತಿ ಓದುತ್ತಿದ್ದರೆ ಅಕ್ಕನ ಪುಸ್ತಕ ತಮ್ಮನಿಗೆ ಸಲ್ಲದು. ಇಂಥವನ್ನು ಹುಡುಗರ ‘ಓದಿನ ಶಿಸ್ತು’ ಸರಿಪಡಿಸಲಾರದು. ಶಿಸ್ತಿನ ಉಪನ್ಯಾಸ ಕೊಡಲು ಬರುವ ಅತಿಥಿಗಳು ವೇದಿಕೆ ಇಳಿಯುವ ಮೊದಲು ಗ್ರಂಥಾಲಯದ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಪ್ರಾಂಶುಪಾಲರನ್ನು ಕೇಳಿದರೆ ಒಳ್ಳೆಯದು.

ಮನೆಯವರದೂ ಒಂದು ಪಾಲಿದೆ. ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬದಲ್ಲಿ ಓದುವ ಮಗಳೊಬ್ಬಳೇ ಮನೆಯಲ್ಲಿ ಉಳಿಯುತ್ತಾಳೆ. ಅಜ್ಜಿ, ತಂಗಿ-ತಮ್ಮಂದಿರು, ಎರಡು ಎಮ್ಮೆ ಎಲ್ಲ ಆಕೆಯ ಮೇಲೆ. ಆಕೆಗೆ ‘ದಿನಕ್ಕೆ ಮೂರು ಗಂಟೆ ಓದು’ ಎಂದು ಹೇಳುವುದು ಸುಲಭ. ಎಲ್ಲರೂ ಸೇರಿ ಆಕೆಗೆ ಒಂದು ಗಂಟೆ ಬಿಡಿಸಿಕೊಡುವುದು ಕಷ್ಟ. ಅಣ್ಣ ಓದಲು ಕೂತರೆ ಟಿವಿ ಸಣ್ಣಗಾಗುವ ಮನೆಯಲ್ಲಿ ತಂಗಿ ಓದಲು ಕೂತರೆ ಜೋಳದ ಹಿಟ್ಟು ನಾದಲು ಕರೆಯುತ್ತಾರೆ. ಅಪ್ಪಂದಿರು ಇದನ್ನು ಗಮನಿಸಬೇಕು; ಅವ್ವಂದಿರಿಗೆ ಗೊತ್ತೇ ಇದೆ.

ಕೊನೆಗೆ ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದೆ. 2020ರಲ್ಲಿ ‘ಓದುವ ಬೆಳಕು’ ಅಭಿಯಾನ ಶುರುವಾಗಿ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಡಿಗ್ರಿ ಓದುವವರ ಕಡೆಗೂ ಅಲ್ಲಿ ಅಷ್ಟೇ ಗಮನ ಬೇಕು. ದಂಡೋತಿಯಿಂದ ಹಿಡಿದು ಚಿಂಚೋಳಿಯ ಕಡೆಯ ತಾಂಡಾದವರೆಗೆ ಪ್ರತಿ ಪಂಚಾಯಿತಿಯೂ ಮೂರು ಕೆಲಸ ಮಾಡಲಿ: ಅರಿವು ಕೇಂದ್ರವನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡುವುದು, ಊರಿನ ಮಕ್ಕಳು ಓದುವ ಪದವಿ ಪಠ್ಯಗಳ ಎರಡೆರಡು ಪ್ರತಿ ತರಿಸುವುದು, ಹೆಣ್ಣುಮಕ್ಕಳು ಸಂಜೆ ಬಂದು ಕೂರುವುದಕ್ಕೆ ದೀಪ ಮತ್ತು ಶೌಚಾಲಯ ಸರಿಯಾಗಿರುವುದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಊರಿನ ಡಿಗ್ರಿ ಹುಡುಗರೇ ಎದ್ದು ನಿಂತು ಕೇಳಲಿ, ಅರ್ಜಿ ಬರೆದುಕೊಂಡು ಹೋಗಲಿ, ಸ್ವೀಕೃತಿ ಪತ್ರ ಪಡೆದು ಬರಲಿ.